ಕೋರ್ಸ್ ಎಲ್ಲಾ ಬಿಟ್ಟ ಮೇಲೆ ಜಾಜ್ ಕೈಗೆ ಬಂತು: ನನ್ನ ಅನುಭವ

ಕೀಬೋರ್ಡ್ ನುಡಿಸೋರಿಗೆ ಸ್ಕೇಲು, ಟ್ರಯಡ್ ಎಲ್ಲಾ ಹೇಳ್ಬೇಕಾಗಿಲ್ಲ, ಅದನ್ನ ಬಿಡ್ತೀನಿ. ಹುಡುಗನಾಗಿದ್ದಾಗ ಗ್ರೇಡ್ ಪರೀಕ್ಷೆ ಕಟ್ಟಿ, ಆಮೇಲೆ ಮುಂಬೈ ಹತ್ತಿರದ ಡೊಂಬಿವಲಿ ಕಡೆ ಆರ್ಕೆಸ್ಟ್ರಾಗಳಲ್ಲಿ ಬಾರಿಸಿ, ನೌಕರಿ ಸಂಸಾರ ಅಂತ ಸುಮಾರು ಇಪ್ಪತ್ತು ವರ್ಷ ಕೀಬೋರ್ಡ್ ಮುಟ್ಟದೇ ಇದ್ದವನು ನಾನು. ಥಿಯರಿ ಮತ್ತೆ ಕಲಿತು ಜಾಜ್ ಇಂಪ್ರೊವೈಸ್ (ಕೂತಲ್ಲೇ ಸ್ವರ ಕಟ್ಟಿ ಬಾರಿಸೋದು) ಮಾಡ್ತೀನಿ ಅಂದಾಗ ಹಳೇ ದೋಸ್ತರೆಲ್ಲ "ಈ ವಯಸ್ಸಲ್ಲಿ, ಅದೂ ಗುರು ಇಲ್ದೆ ಆಗಲ್ಲ ಮಾರಾಯ" ಅಂದಿದ್ರು. ಈಗ ಆಗಿದೆ, ಅದಕ್ಕೇ ಬರೀತಿದೀನಿ.

ಮೊದಲನೇ ವರ್ಷ ಬರೀ ದುಡ್ಡು ಹೋಯ್ತು. ಡಾಲರ್ ಲೆಕ್ಕದ ಒಂದು ಆನ್‌ಲೈನ್ ಕೋರ್ಸ್, ತಿಂಗಳಿಗೆ ಎರಡು ಸಾವಿರದ ಹತ್ತಿರ, ಆರೇಳು ತಿಂಗಳು ಕಟ್ಟಿದೆ, ವಿಡಿಯೋ ರಾಶಿ ರಾಶಿ, ಆದ್ರೆ ಇವತ್ತು ರಾತ್ರಿ ಕೂತು ಏನು ಬಾರಿಸ್ಬೇಕು ಅನ್ನೋದು ಎಲ್ಲೂ ಇಲ್ಲ. ಕ್ಯಾನ್ಸಲ್ ಮಾಡಿದ ಮೇಲೂ ಕಾರ್ಡಿಂದ ಒಂದು ಸಲ ಕಟ್ ಆಯ್ತು, ರಿಫಂಡ್ ಇವತ್ತಿಗೂ ಬಂದಿಲ್ಲ. ಧೋಬಿ ತಲಾವ್‌ಗೆ ಹೋಗಿ ದಪ್ಪ ದಪ್ಪ ಪುಸ್ತಕ ತಂದೆ, ಐದು ಸಾವಿರ ಚಿಲ್ಲರೆ. ಪುಸ್ತಕಗಳು ಒಳ್ಳೇವೇ, ಆದ್ರೆ ಹನ್ನೆರಡೂ ಶ್ರುತಿಯಲ್ಲಿ ಎಲ್ಲಾ ಮೋಡ್ (ಒಂದೇ ಸ್ಕೇಲಿನ ಬೇರೆ ಬೇರೆ ರೂಪ) ಮಾಡಿ ಅಂದ್ರೆ ದಿನಾ ಲೋಕಲ್ ಹತ್ತೋನಿಗೆ ಈ ಜನ್ಮದಲ್ಲಿ ಮುಗಿಯಲ್ಲ.

ಕೊನೆಗೆ ಉಳಿಸಿಕೊಂಡಿದ್ದು ಮೂರೇ. ಮರೆತ ಇಂಟರ್ವಲ್ (ಎರಡು ಸ್ವರಗಳ ಅಂತರ), ಸೆವೆಂತ್ ಕಾರ್ಡಿಗೆ (ಒಂದು ಸ್ವರ, ಅದರಿಂದ ಮೂರನೇದು, ಐದನೇದು, ಏಳನೇದು ಸೇರಿದ ಗುಂಪು) ಮ್ಯೂಸಿಕ್‌ಥಿಯರಿ ಡಾಟ್ ನೆಟ್, ಅದರ ಪಾಠ ಫ್ರೀ, ಕಿವಿ ತಯಾರಿಗೂ ಸಾಕು. ಬ್ಯಾಕಿಂಗ್‌ಗೆ, ಅಂದ್ರೆ ಜೊತೆಗೆ ಬೇಸು ಡ್ರಮ್ಸು ಬಾರಿಸೋಕೆ, ಐರಿಯಲ್ ಪ್ರೊ ಆ್ಯಪ್. ಮತ್ತೆ ಜಾಜ್ ಪಿಯಾನಿಸ್ಟ್ ಬ್ಯಾರಿ ಹ್ಯಾರಿಸ್ ಅವರ ವರ್ಕ್‌ಶಾಪ್ ವಿಡಿಯೋಗಳು, ಯೂಟ್ಯೂಬಲ್ಲೇ ಸಿಗುತ್ವೆ. ಅವರು 2021ರಲ್ಲಿ ತೀರ್ಕೊಂಡ್ರು, ಎಂಥಾ ಮೇಷ್ಟ್ರು! ಸ್ಕೇಲ್ ಕೊಟ್ಟು ಕಳಿಸಲ್ಲ, ಹಾಡಿಸಿಯೇ ಬಿಡೋದು.

ಹಾಡು ಒಂದೇ ಇಟ್ಕೊಂಡೆ, 'ಆಟಂ ಲೀವ್ಸ್', ಜಿ ಮೈನರಲ್ಲಿ, ನಾಲ್ಕೈದು ತಿಂಗಳು ಅದೇ. ಟೂ-ಫೈವ್-ವನ್ ಅಂದ್ರೆ ಸ್ಕೇಲಿನ ಎರಡನೇ, ಐದನೇ, ಮೊದಲನೇ ಸ್ವರದ ಮೇಲಿನ ಕಾರ್ಡ್‌ಗಳ ಸಾಲು, ಮೇಜರ್ದೂ ಮೈನರ್ದೂ ಎರಡೂ ಅದರಲ್ಲೇ ಇದೆ. ಸಿ ಮೈನರ್ ಸೆವೆನ್, ಎಫ್ ಸೆವೆನ್, ಬಿ ಫ್ಲಾಟ್ ಮೇಜರ್ ಸೆವೆನ್ ತಗೊಳ್ಳಿ. ಮೊದಲನೇ ಕಾರ್ಡಿನ ಸೆವೆಂತು ಬಿ ಫ್ಲಾಟ್, ಅದು ಅರ್ಧ ಸ್ವರ ಇಳಿದು ಎ ಆಯ್ತು ಅಂದ್ರೆ ಎಫ್ ಸೆವೆನ್‌ನ ಥರ್ಡ್ ಸಿಕ್ತು. ಮೊದಲನೇ ಕಾರ್ಡಿನ ಥರ್ಡು ಇ ಫ್ಲಾಟ್ ಅಲ್ಲೇ ಕೂತಿರುತ್ತೆ, ಮೂರನೇ ಕಾರ್ಡ್ ಬಂದಾಗ ಡಿಗೆ ಇಳಿಯುತ್ತೆ. ಈ ಎರಡು ಎಳೆಯನ್ನ ಫಾಸ್ಟ್ ಲೋಕಲಲ್ಲಿ ನಿಂತ್ಕೊಂಡು ಗುನುಗ್ತಾ ಗುನುಗ್ತಾ ಥಾಣೆ ಬರೋ ಹೊತ್ತಿಗೆ ಕಾರ್ಡ್ ಬದಲಾಗೋದು ಹೊಟ್ಟೆ ಒಳಗೆ ಗೊತ್ತಾಗೋಕೆ ಶುರು ಆಯ್ತು. ಯಾವ ಕೋರ್ಸೂ ಇದನ್ನ ಕೊಟ್ಟಿರಲಿಲ್ಲ.

ನಮ್ಮ ಕಿವಿಗೆ ಷಡ್ಜ ಅಲ್ಲಾಡೋದೇ ಇಲ್ಲ, ಜಾಜಲ್ಲಿ ಕಾರ್ಡಿಗೊಂದು ಆಧಾರ ಸ್ವರ, ತೊಡಕು ಇರೋದೇ ಅಲ್ಲಿ. ಇದಕ್ಕೆ ನಡುವೆ ಒಂದು ಪ್ರಯೋಗ ಮಾಡಿದೆ: ಜಾಜ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ರೆಕಾರ್ಡ್ ಮಾಡಿದ 'ಸೋ ವಾಟ್', ಹದಿನಾರು ಬಾರ್ (ತಾಳದ ಆವರ್ತ) ಡಿ ಡೋರಿಯನ್, ಎಂಟು ಬಾರ್ ಇ ಫ್ಲಾಟ್, ಮತ್ತೆ ಎಂಟು ಡಿ. ಡೋರಿಯನ್ ಅಂದ್ರೆ ನಮ್ಮ ಖರಹರಪ್ರಿಯದ್ದೇ ಸ್ವರಗಳು. ಡಿ ಮೇಲೆ ಆಲಾಪನೆ ಮಾಡಿ, ಶ್ರುತಿ ಅರ್ಧ ಸ್ವರ ಏರಿಸಿ ಅದೇ ಸರಿಗಮ ಹಾಡಿ ವಾಪಸ್ ಇಳಿಯೋದು. ಸ್ವರ ಜಾರಿಸೋ ಪಿಚ್ ಬೆಂಡ್ ವೀಲಲ್ಲಿ ಗಾಂಧಾರಕ್ಕೆ ಗಮಕವೂ ಹಾಕಿ ನೋಡ್ದೆ, ಸ್ವಿಂಗ್ (ಜಾಜಿನ ತೂಗಾಡೋ ಲಯ) ಸತ್ತೋಯ್ತು, ಬಿಟ್ಟೆ. ಸರಿಗಮ ಮಾತ್ರ ಭಾರೀ ಲಾಭ ಕೊಡ್ತು.

ದೊಡ್ಡವರ ಸೋಲೋ ಕೇಳಿ ಕದಿಯೋಕೆ ಯೂಟ್ಯೂಬನ್ನ ಅರ್ಧ ಸ್ಪೀಡಿಗೆ ಇಡಿ, ಶ್ರುತಿ ಬದಲಾಗಲ್ಲ. ವಾರಕ್ಕೆ ನಾಲ್ಕು ಬಾರ್ ಸಾಕು, ಪೂರ್ತಿ ಹಾಡೋಕೆ ಬರೋ ತನಕ ಕೀ ಮುಟ್ಬೇಡಿ. ಎಡಗೈ ವಾಯ್ಸಿಂಗ್‌ಗೆ (ಕಾರ್ಡಿನ ಸ್ವರಗಳನ್ನ ಜೋಡಿಸೋ ರೀತಿ) ನಂದೇ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ರನೇ ಇರಲಿ.

ಹೋದ ಮಳೆಗಾಲ ಬಾಂದ್ರಾದ ಒಂದು ಜ್ಯಾಮ್ ಸೆಶನ್‌ನಲ್ಲಿ (ಕಲಾವಿದರು ಸೇರಿ ನುಡಿಸೋ ಕೂಟ) 'ಆಟಂ ಲೀವ್ಸ್'ಗೆ ಎರಡು ಕೋರಸ್ (ಹಾಡಿನ ಪೂರ್ತಿ ಸುತ್ತು) ತಗೊಂಡೆ, ಡ್ರಮ್ಮರ್ ಹುಡುಗ "ಅಂಕಲ್, ಔರ್ ಏಕ್" ಅಂದ, ಮೂರನೇದೂ ಬಾರಿಸ್ದೆ. ಆಗಲ್ಲ ಅಂದಿದ್ದ ದೋಸ್ತ ಅಲ್ಲೇ ವಿಡಿಯೋ ಮಾಡ್ತಿದ್ದ. ಈಗ ಅದೇ ಹಾಡಿನ ಡಿ ಸೆವೆನ್ ಮೇಲೆ ಆಲ್ಟರ್ಡ್ ಸ್ಕೇಲ್ (ಸ್ವರಗಳನ್ನ ಫ್ಲಾಟ್, ಶಾರ್ಪ್ ಮಾಡಿ ಬದಲಿಸಿದ ಸ್ಕೇಲ್) ಕೂರಿಸ್ತಿದೀನಿ, ಕೈಗೆ ಬರ್ತಿದೆ, ಕಿವಿಗೆ ಇನ್ನೂ ಒಗ್ಗಿಲ್ಲ. ಯಾರಾದ್ರೂ ಹಾಡ್ಕೊಂಡೇ ಅದನ್ನ ಪಳಗಿಸಿದ್ರೆ ಹೇಗೆ ಅಂತ ಹೇಳಿ.