ತೋಟದ ಟ್ಯಾಂಕಿನಿಂದ ಮನೆಗೆ ರೇಡಿಯೊ: ಕೋಡ್ ಮೊದಲು, ಪವರ್ ಆಮೇಲೆ

ಶಿರಸಿ ಕಡೆ ಟ್ಯಾಂಕ್ ಒಂದು ದಿಕ್ಕಿಗೆ, ಮನೆ ಇನ್ನೊಂದು ದಿಕ್ಕಿಗೆ, ನಡುವೆ ಸೊಪ್ಪಿನ ಬೆಟ್ಟ. ನೀರೆಷ್ಟಿದೆ ಎಂದು ತಿಳಿಯಲು ಸಣ್ಣ ರೇಡಿಯೊ ಸಾಕು, ಮೊಬೈಲ್ ಸಿಗ್ನಲ್ ಬೇಕಿಲ್ಲ. 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಪವರಿನಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು. ಆದರೆ ಒದ್ದೆ ಸೊಪ್ಪು ಸಿಗ್ನಲ್ ನುಂಗುತ್ತದೆ, ಪಂಪಿನ ಸ್ಟಾರ್ಟರ್ ಕಿಡಿ ಹಾರಿಸಿದರೆ ಬಿಟ್‌ಗಳು, ಅಂದರೆ ಕಳುಹಿಸುವ ಸೊನ್ನೆ-ಒಂದುಗಳು, ಕೆಡುತ್ತವೆ. ಸುಮ್ನೆ ಪವರ್ ಏರಿಸಿದರೆ ಬ್ಯಾಟರಿ ಬೇಗ ಖಾಲಿ, ಅಷ್ಟೆ. ಅದಕ್ಕಿಂತ ಮೊದಲು ಕೆಟ್ಟ ಬಿಟ್‌ಗಳನ್ನು ತಾನೇ ತಿದ್ದುವ ಕೋಡ್ ಹಾಕಿ.

ಮೊದಲು ಸುದ್ದಿಯನ್ನು ಚಿಕ್ಕದು ಮಾಡಿ. ನೀರಿನ ಮಟ್ಟಕ್ಕೆ 0ರಿಂದ 15ರವರೆಗಿನ ಅಂಕಿ ಧಾರಾಳ ಆಯ್ತು. ಅದಕ್ಕೆ 4 ಬಿಟ್ ಸಾಕು.

ಈಗ ಅದಕ್ಕೆ 3 ಕಾವಲು ಬಿಟ್ ಸೇರಿಸಿ. ಇದು ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಉಪಾಯ. ಒಟ್ಟು 7 ಬಿಟ್‌ಗಳ ಸಾಲಿನಲ್ಲಿ 1, 2, 4ನೇ ಜಾಗ ಕಾವಲಿಗೆ. 3, 5, 6, 7 ನಿಮ್ಮ ಅಂಕಿಗೆ. ಮೊದಲ ಕಾವಲು 1, 3, 5, 7ನೇ ಜಾಗಗಳನ್ನು ನೋಡುತ್ತದೆ. ಎರಡನೆಯದು 2, 3, 6, 7. ಮೂರನೆಯದು 4, 5, 6, 7. ಪ್ರತಿ ಗುಂಪಿನಲ್ಲೂ ಒಂದುಗಳ ಎಣಿಕೆ ಸಮ ಸಂಖ್ಯೆ ಆಗಬೇಕು. ಮಟ್ಟ 11, ಅಂದರೆ ಬೈನರಿಯಲ್ಲಿ 1011 ಇದ್ದರೆ ಕಳುಹಿಸುವುದು 0110011. ದಾರಿಯಲ್ಲಿ 5ನೇ ಬಿಟ್ ಕೆಟ್ಟು 0110111 ಬಂತು ಅಂದುಕೊಳ್ಳಿ. ಮೊದಲ ಮತ್ತು ಮೂರನೇ ಗುಂಪು ಬೆಸ ಆಗುತ್ತವೆ. ಆ ಕಾವಲುಗಳ ಜಾಗ 1 ಮತ್ತು 4, ಕೂಡಿದರೆ 5. ತಪ್ಪಿದ ಜಾಗ ಸಿಕ್ಕಿತಲ್ವಾ? ಅಲ್ಲಿನ 1 ಅನ್ನು 0ಗೆ ತಿರುಗಿಸಿ ಬಿಡಿ.

ಒಂದೇ ಸಾಲಿನಲ್ಲಿ ಎರಡು ಬಿಟ್ ಕೆಟ್ಟರೆ ಮಾತ್ರ ಈ ಲೆಕ್ಕ ತಪ್ಪು ಜಾಗವನ್ನೇ ತೋರಿಸುತ್ತದೆ. ಸ್ಟಾರ್ಟರ್ ಕಿಡಿಯಂತೂ ಅಕ್ಕಪಕ್ಕದ ಬಿಟ್‌ಗಳನ್ನು ಒಟ್ಟಿಗೇ ಕೆಡಿಸುತ್ತದೆ. ಅದಕ್ಕೆ ಇತ್ತೀಚಿನ 8 ಸಲದ ಮಟ್ಟಗಳನ್ನು ತಲಾ 7 ಬಿಟ್‌ನ 8 ಸಾಲಾಗಿ ಬರೆದು, ಮೇಲಿನಿಂದ ಕೆಳಗೆ ಕಂಬಗಳಾಗಿ ಓದುತ್ತ ಕಳುಹಿಸಿ. ಒಂದರ ಹಿಂದೆ ಒಂದು 8 ಬಿಟ್ ಕೆಟ್ಟರೂ ಒಂದೊಂದು ಸಾಲಿಗೆ ಒಂದೇ ಪೆಟ್ಟು. ಸೆಕೆಂಡಿಗೆ 1000 ಬಿಟ್ ವೇಗದಲ್ಲಿ ಸುಮಾರು 7 ಮಿಲಿಸೆಕೆಂಡಿನ ಕಿಡಿಯನ್ನು ತಡೆದುಕೊಂಡ ಹಾಗಾಯಿತು. ಪ್ರತಿ ಸಲ ಹಳೆಯ ಅಂಕಿಗಳೂ ಹೋಗುವುದರಿಂದ ನಡುವೆ ಒಂದು ಪ್ಯಾಕೆಟ್ (ಒಂದು ಸಲಕ್ಕೆ ಕಳುಹಿಸುವ ಬಿಟ್‌ಗಳ ಕಟ್ಟು) ಪೂರ್ತಿ ಕಳೆದರೂ ಚಿಂತೆಯಿಲ್ಲ. ಕೊನೆಗೆ 8 ಬಿಟ್‌ನ ಸಿಆರ್‌ಸಿ, ಅಂದರೆ ಇಡೀ ಪ್ಯಾಕೆಟ್ ಸರಿ ಬಂತೇ ಎಂದು ನೋಡುವ ಸಂಖ್ಯೆ, ಅಂಟಿಸಿ; ತಿದ್ದಿದ ಮೇಲೂ ಅದು ತಾಳೆಯಾಗದ ಪ್ಯಾಕೆಟ್ ಎಸೆಯಿರಿ.

ಇಷ್ಟಕ್ಕೆ ದೊಡ್ಡ ಚಿಪ್ ಬೇಡ. ಕಟ್ಟಲು 16 ಸಾಲಿನ, ತಿದ್ದಲು 128 ಸಾಲಿನ ಪಟ್ಟಿ ಮೊದಲೇ ಬರೆದಿಟ್ಟರೆ ಆರ್ಡುಯಿನೊ ಊನೊದಂಥ ಸಣ್ಣ ಕಂಪ್ಯೂಟರ್ ಬೋರ್ಡು ಹುಡುಕಿ ತೆಗೆಯುತ್ತದೆ, ಲೆಕ್ಕವೇ ಮಾಡಬೇಕಿಲ್ಲ. ರೇಡಿಯೊ ಸಾದಾ ಎಫ್‌ಎಸ್‌ಕೆ ಮಾಡ್ಯೂಲ್ (ಸೊನ್ನೆಗೊಂದು, ಒಂದಕ್ಕೊಂದು ತರಂಗಾಂತರ ಬಳಸುವಂಥದ್ದು) ಇರಲಿ. ದೂರದವರೆಗೆ ಮುಟ್ಟುವ ಲೋರಾ ರೇಡಿಯೊ ಕೊಂಡರೆ ಈ ಬಗೆಯ ಕೋಡ್ ಅದರೊಳಗೇ ಇರುತ್ತದೆ. ದೂರ ಜಾಸ್ತಿ ಇದ್ದರೆ ಅದೇ ವಾಸಿ.

ಆಂಟೆನಾಗೆ 8.6 ಸೆಂಟಿಮೀಟರ್ ತಂತಿ, ಅಂದರೆ ತರಂಗದ ಕಾಲು ಭಾಗ. ಎರಡೂ ಕಡೆ ನೆಟ್ಟಗೆ ನಿಲ್ಲಿಸಿ. ಡಬ್ಬಿಯ ತಂತಿ ತೂತು ಕೆಳಮುಖವಾಗಿರಲಿ, ಇಲ್ಲದಿದ್ದರೆ ನಮ್ಮ ಮಳೆಯೂ ಇರುವೆಯೂ ಒಳಗೆ ಬಿಡಾರ ಹೂಡುತ್ತವೆ.

ಮನೆಯ ಬೋರ್ಡಿನಲ್ಲಿ ನೀರಿನ ಮಟ್ಟದ ಜೊತೆ ತಿದ್ದಿದ ಬಿಟ್‌ಗಳ ಎಣಿಕೆಯನ್ನೂ ತೋರಿಸಿ. ಆಷಾಢದಲ್ಲಿ ಅದು ಏರತೊಡಗಿದರೆ ಆಂಟೆನಾವನ್ನು ಸೊಪ್ಪಿನಿಂದ ಮೇಲಕ್ಕೆ ಎತ್ತಿ. ಆಗಲೂ ಇಳಿಯದಿದ್ದರೆ ವೇಗ ಅರ್ಧಕ್ಕೆ ಇಳಿಸಿ. ಒಂದೊಂದು ಬಿಟ್‌ಗೂ ಎರಡರಷ್ಟು ಹೊತ್ತು ಸಿಗುತ್ತದೆ.