ಫೋರ್ ಸ್ಟ್ರೋಕ್ ಬೈಕಿನ ಬೆಂಡ್ ಪೈಪ್: ಅಳತೆ, ಜೋಡಣೆ, ಜೆಟ್ಟಿಂಗ್

ಸೈಲೆನ್ಸರ್ ಬದಲಿಸಿದ ಮೇಲೆ ಸದ್ದು ಏರಿತು, ಪಿಕಪ್ ಬಿತ್ತು ಎಂಬ ದೂರು ಗ್ಯಾರೇಜುಗಳಲ್ಲಿ ಸಾಮಾನ್ಯ. ಬ್ಯಾಕ್ ಪ್ರೆಷರ್ (ಹೊರಹೋಗುವ ಹೊಗೆಗೆ ಸೈಲೆನ್ಸರ್ ಒಡ್ಡುವ ತಡೆ) ಹೋಯಿತು ಎನ್ನುವವರೇ ಹೆಚ್ಚು. ಅದು ತಪ್ಪು. ಎಂಜಿನ್‌ಗೆ ಬೇಕಿರುವುದು ಹೊತ್ತಿಗೆ ಸರಿಯಾಗಿ ಹಿಂದಿರುಗುವ ಒತ್ತಡದ ಅಲೆ.

ಎಕ್ಸಾಸ್ಟ್ ವಾಲ್ವ್ ತೆರೆದ ಕೂಡಲೇ ಆ ಅಲೆ ಸೆಕೆಂಡಿಗೆ 500 ಮೀಟರ್‌ಗೂ ಮಿಕ್ಕ ವೇಗದಲ್ಲಿ ಬೆಂಡ್ ಪೈಪಿನಲ್ಲಿ, ಅಂದರೆ ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬಾಗಿದ ಪೈಪಿನಲ್ಲಿ, ಓಡುತ್ತದೆ. ಪೈಪ್ ತಟ್ಟನೆ ಅಗಲವಾಗುವಲ್ಲಿ ತಿರುಗಿ, ಎಳೆಯುವ ಅಲೆಯಾಗಿ ವಾಪಸಾಗುತ್ತದೆ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಸ್ವಲ್ಪ ತೆರೆದಿರುವಾಗ ಅದು ಬಂದು ಮುಟ್ಟಿದರೆ ಸುಟ್ಟ ಗಾಳಿಯನ್ನು ಹೊರಗೆಳೆದು, ಹೊಸ ಮಿಶ್ರಣವನ್ನೂ ಒಳಗೆ ಸೆಳೆಯುತ್ತದೆ. ಆದ್ದರಿಂದ ಯಾವ ಆರ್‌ಪಿಎಂನಲ್ಲಿ ಶಕ್ತಿ ಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಪೈಪ್ ಕತ್ತರಿಸುವುದು ಆಮೇಲೆ.

ಇಲ್ಲಿ ಹೇಳುತ್ತಿರುವುದು ಟ್ರ್ಯಾಕ್‌ನಲ್ಲಿ ಓಡಿಸುವ, ಕಾರ್ಬ್ಯುರೇಟರ್ ಇರುವ 200 ಸಿಸಿ ಸಿಂಗಲ್ ಸಿಲಿಂಡರ್ ಬೈಕಿಗೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಬೈಕಿನ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ರಸ್ತೆಗಿಳಿಸಬೇಡಿ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್‌ನಲ್ಲಿ ದಂಡ 10,000 ರೂಪಾಯಿವರೆಗೆ ಇದೆ.

ಉದ್ದದ ಅಂದಾಜು ಸೂತ್ರ ಹೀಗಿದೆ: ಎಕ್ಸಾಸ್ಟ್ ವಾಲ್ವ್ ಬಿ.ಡಿ.ಸಿ.ಗೆ (ಪಿಸ್ಟನ್ ತೀರಾ ಕೆಳಗಿಳಿದ ಬಿಂದು) ಎಷ್ಟು ಡಿಗ್ರಿ ಮೊದಲು ತೆರೆಯುತ್ತದೋ ಅದಕ್ಕೆ 180 ಕೂಡಿಸಿ, 21,590ರಿಂದ ಗುಣಿಸಿ, ಆರ್‌ಪಿಎಂನಿಂದ ಭಾಗಿಸಿ, 76 ಕಳೆಯಿರಿ. 65 ಡಿಗ್ರಿ, 7,000 ಆರ್‌ಪಿಎಂ ಎಂದಾದರೆ 680 ಮಿ.ಮೀ. ಬರುತ್ತದೆ. ಅಳೆಯುವುದು ಸಿಲಿಂಡರ್ ಹೆಡ್‌ನ ಮುಖದಿಂದ, ಬೆಂಡಿನ ನಡುಗೆರೆಯ ಮೇಲೆ. ಅದೇ ಎಂಜಿನ್‌ಗೆ 5,000ದಲ್ಲಿ ಎಳೆತ ಬೇಕೆಂದರೆ 980 ಮಿ.ಮೀ. ಬೇಕು, ಗಿಡ್ಡ ಪೈಪ್ ಹಾಕಿದಾಗ ಕೆಳಗಿನ ಪಿಕಪ್ ಸಾಯುವುದು ಇದಕ್ಕೇ.

ಒಳವ್ಯಾಸಕ್ಕೆ ಸಿಸಿಯನ್ನು ಉದ್ದ ಮತ್ತು 76ರ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆದು, 53.7ರಿಂದ ಗುಣಿಸಿ. ನಮ್ಮ ಲೆಕ್ಕದಲ್ಲಿ ಸುಮಾರು 28 ಮಿ.ಮೀ. ದಪ್ಪ ಪೈಪ್ ನೋಡಲು ಚೆಂದ, ಆದರೆ ಗಾಳಿಯ ವೇಗ ಇಳಿದು ನಡುವಿನ ಆರ್‌ಪಿಎಂ ಸೊರಗುತ್ತದೆ. 1.2 ಮಿ.ಮೀ. ದಪ್ಪದ 304 ಸ್ಟೇನ್‌ಲೆಸ್ ಸಾಕು. ಟಿಗ್ ವೆಲ್ಡಿಂಗ್ ಮಾಡಿಸುವಾಗ ಪೈಪಿನೊಳಗೂ ಆರ್ಗಾನ್ ಬಿಡಿಸಿ. ಇಲ್ಲವಾದರೆ ಒಳಗಡೆ ಕಪ್ಪು ಹರಳುಗಟ್ಟಿ, ಬೆಸುಗೆ ಅಲ್ಲೇ ಬಿರುಕು ಬಿಡುತ್ತದೆ.

ಹಳೆಯ ಪೈಪ್ ಬಿಚ್ಚುವ ಹಿಂದಿನ ರಾತ್ರಿಯೇ ಸ್ಟಡ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ನಟ್ ಬಿಗಿಯಾಗಿದ್ದರೆ ಕೂದಲೆಳೆಯಷ್ಟು ಬಿಗಿಸಿ, ಆಮೇಲೆ ಸಡಿಲಿಸಿ. ಅಲ್ಯೂಮಿನಿಯಂ ಹೆಡ್‌ನಲ್ಲಿ ಸ್ಟಡ್ ಮುರಿದರೆ ಡ್ರಿಲ್ಲಿಂಗ್ ಖರ್ಚು ಪೈಪಿನ ಖರ್ಚನ್ನೂ ಮೀರಬಹುದು. ಪೋರ್ಟ್ (ಹೆಡ್‌ನಲ್ಲಿ ಪೈಪ್ ಕೂರುವ ಬಾಯಿ) ಕೆರೆದು ಶುಚಿ ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿ. ಒಮ್ಮೆ ಚಪ್ಪಟೆಯಾದದ್ದು ಮತ್ತೆ ಕೂರುವುದಿಲ್ಲ. ಫ್ಲ್ಯಾಂಜ್ (ಪೈಪನ್ನು ಹೆಡ್‌ಗೆ ಒತ್ತಿ ಹಿಡಿಯುವ ತಟ್ಟೆ) ನಟ್‌ಗಳನ್ನು ಕೈಯಲ್ಲೇ ತಿರುಗಿಸಿ, ಹಿಂದಿನ ಬ್ರಾಕೆಟ್ ಬೋಲ್ಟ್ ಸಡಿಲವಾಗಿಯೇ ಹಾಕಿ. ಈಗ ಫ್ಲ್ಯಾಂಜನ್ನು ಎರಡೂ ಬದಿ ಒಂದೊಂದು ಸುತ್ತಿನಂತೆ ಬಿಗಿಸಿ: ಎಂ6 (6 ಮಿ.ಮೀ.) ಸ್ಟಡ್‌ಗೆ ಸುಮಾರು 10, ಎಂ8 (8 ಮಿ.ಮೀ.) ಸ್ಟಡ್‌ಗೆ ಸುಮಾರು 20 ನ್ಯೂಟನ್ ಮೀಟರ್, ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಬ್ರಾಕೆಟ್ ಕೊನೆಗೆ. ಅದನ್ನು ಮೊದಲೇ ಬಿಗಿಸಿದರೆ ಪೈಪ್ ಎಳೆದುಕೊಂಡೇ ನಿಂತು, ಕಂಪನಕ್ಕೆ ಫ್ಲ್ಯಾಂಜ್ ಬಳಿ ಸೀಳುತ್ತದೆ.

ಎಂಜಿನ್ ತಣ್ಣಗಿರುವಾಗಲೇ ಜಾಯಿಂಟ್‌ಗೆ ಸೋಪಿನ ನೀರು ಹಚ್ಚಿ, ಹಿಂದಿನಿಂದ ಬ್ಲೋವರ್ ಗಾಳಿ ಬಿಡಿ. ಗುಳ್ಳೆ ಎದ್ದಲ್ಲಿ ಲೀಕ್ ಇದೆ. ಸ್ಟಾರ್ಟ್ ಮಾಡುವ ಮುನ್ನ ಬೆರಳ ಗುರುತುಗಳನ್ನು ಥಿನ್ನರ್‌ನಿಂದ ಒರೆಸಿ, ಇಲ್ಲದಿದ್ದರೆ ಅವು ಸ್ಟೀಲಿನ ಮೇಲೆ ಸುಟ್ಟು ಉಳಿಯುತ್ತವೆ.

ಇನ್ನು ಜೆಟ್, ಅಂದರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ. ಥ್ರಾಟಲ್ ಗ್ರಿಪ್‌ಗೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿ. ಮುಕ್ಕಾಲಿನ ಮೇಲೆ ಮೇನ್ ಜೆಟ್, ಕಾಲರಿಂದ ಮುಕ್ಕಾಲರವರೆಗೆ ನೀಡಲ್, ಅದಕ್ಕೂ ಕೆಳಗೆ ಪೈಲಟ್ ಜೆಟ್ ಕೆಲಸ ಮಾಡುತ್ತದೆ. ಮೇಲಿಂದಲೇ ಶುರುಮಾಡಿ, ಮೇನ್ ಜೆಟ್ ಒಂದೊಂದೇ ಸೈಜ್ ಏರಿಸಿ. ಹೊಸ ಪ್ಲಗ್ ಹಾಕಿ, ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ನೋಡಿ. ಈಗಿನ ಪೆಟ್ರೋಲ್‌ನಲ್ಲಿ ತುದಿಯ ಬಣ್ಣ ನಂಬುವಂತಿಲ್ಲ. ಪಿಂಗಾಣಿಯ ಬುಡದಲ್ಲಿ ತೆಳು ಕಂದು ಉಂಗುರ ಇರಬೇಕು. ಪೂರ್ತಿ ಬಿಳಿ, ಮೇಲೆ ಹೊಳೆಯುವ ಚುಕ್ಕೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಪಿಸ್ಟನ್ ಕರಗುತ್ತಿದೆ. ನಡುವೆ ಎಳೆಯದಿದ್ದರೆ ನೀಡಲ್ ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿ, ಮಿಶ್ರಣ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಹೆಚ್ಚುತ್ತದೆ.

ಥ್ರಾಟಲ್ ಬಿಟ್ಟಾಗ ಪಟಪಟ ಹೊಡೆದರೆ ಜೆಟ್ ಮುಟ್ಟಬೇಡಿ. ಮೊದಲು ಫ್ಲ್ಯಾಂಜ್ ಲೀಕ್ ನೋಡಿ: ಎಳೆಯುವ ಅಲೆ ಹೊರಗಿನ ಗಾಳಿ ಹೀರಿ, ಉಳಿದ ಪೆಟ್ರೋಲ್ ಪೈಪಿನಲ್ಲೇ ಉರಿಯುತ್ತದೆ. ಲೀಕ್ ಇಲ್ಲದಿದ್ದರೆ ಮಾತ್ರ ಪೈಲಟ್ ಸ್ಕ್ರೂ ಕಾಲು ಸುತ್ತು ರಿಚ್ ಮಾಡಿ. ಎರಡು ಮೂರು ಸಲ ಪೂರ್ತಿ ಕಾಯ್ದು ಆರಿದ ಮೇಲೆ ಫ್ಲ್ಯಾಂಜ್ ನಟ್‌ಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ. ಹೊಸ ಗ್ಯಾಸ್ಕೆಟ್ ಅಷ್ಟರಲ್ಲಿ ಕುಗ್ಗಿರುತ್ತದೆ.