ಬ್ರಿಟನ್ ಬಂದರಿನಲ್ಲಿ ಒಂದು ಹಗಲು: ಕ್ರೂಸ್ ಹೋದವರು ಊರು ನೋಡಿ ಹೊತ್ತಿಗೆ ಸರಿಯಾಗಿ ಹಡಗಿಗೆ ಮರಳುವುದು ಹೇಗೆ?

ಕ್ರೂಸ್ ಕಂಪನಿಯ ಪಟ್ಟಿಯಲ್ಲಿ ‘ಲಂಡನ್’ ಎಂದಿರುತ್ತದೆ, ಹಡಗು ನಿಲ್ಲುವುದು ಡೋವರ್‌ನಲ್ಲೋ ಸೌತಾಂಪ್ಟನ್‌ನಲ್ಲೋ. ‘ಗ್ಲಾಸ್ಗೋ’ ಎಂದರೆ ಗ್ರೀನಕ್. ‘ಎಡಿನ್‌ಬರೊ’ ಎಂದರೆ ಎಷ್ಟೋ ಸಲ ಸೌತ್ ಕ್ವೀನ್ಸ್‌ಫೆರಿಯ ಎದುರು ನೀರಿನ ನಡುವೆ ಲಂಗರು. ಹೈಲ್ಯಾಂಡ್ಸ್‌ನ ಇನ್ವರ್‌ಗಾರ್ಡನ್ ಅನ್ನು ‘ಲಾಕ್ ನೆಸ್’ ಎಂದು ಮಾರುತ್ತಾರೆ, ಸರೋವರ ಅಲ್ಲಿಂದ ಐವತ್ತು ಕಿಲೋಮೀಟರಿಗೂ ಆಚೆ. ದಿನ ಕೆಡುವುದು ಈ ಹೆಸರುಗಳನ್ನು ನಂಬಿದಲ್ಲಿಂದಲೇ.

1. ನಿಜವಾದ ಬಂದರು ಯಾವುದೆಂದು ತಿಳಿದುಕೊಳ್ಳಿ

ಬುಕಿಂಗ್ ಪತ್ರದಲ್ಲಿ ಬಂದರಿನ ಹೆಸರು ಹುಡುಕಿ. ಅದರ ಪಕ್ಕದಲ್ಲಿ ‘ಟೆಂಡರ್’ ಎಂದಿದೆಯೇ ನೋಡಿ. ಇದ್ದರೆ ಹಡಗು ದಡಕ್ಕೆ ತಾಗುವುದಿಲ್ಲ, ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಗಾಳಿ ಜೋರಾದರೆ ಇಳಿಸುವುದೂ ಇಲ್ಲ. ಆದ್ದರಿಂದ ಟೆಂಡರ್ ಬಂದರಿನ ದಿನಕ್ಕೆ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ.

ಸೌತಾಂಪ್ಟನ್‌ನಲ್ಲಿ ಕ್ರೂಸ್ ಟರ್ಮಿನಲ್‌ಗಳೇ ಐದು: ಓಷನ್, ಕ್ಯೂಇ2, ಸಿಟಿ, ಮೇಫ್ಲವರ್, ಹೊರೈಜನ್. ಮೊದಲಿನ ಎರಡು ಪೂರ್ವದ ಡಾಕ್‌ನಲ್ಲಿ, ಉಳಿದವು ಪಶ್ಚಿಮದಲ್ಲಿ. ಟ್ಯಾಕ್ಸಿಯವನಿಗೆ ‘ಕ್ರೂಸ್ ಟರ್ಮಿನಲ್’ ಎಂದಷ್ಟೇ ಹೇಳಿದರೆ ಸಾಲದು. ಯಾವ ಟರ್ಮಿನಲ್ ಎಂದು ಹೇಳಿ, ಹಡಗಿನ ಹೆಸರನ್ನೂ ಹೇಳಿ.

2. ವೀಸಾ: ಹಡಗಿನಲ್ಲೇ ಮಲಗುತ್ತೇವಲ್ಲ ಎಂಬ ವಾದ ನಡೆಯುವುದಿಲ್ಲ

ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟನ್ನಿನ ವಿಸಿಟರ್ ವೀಸಾ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇದ್ದರೂ ಪಾಸ್‌ಪೋರ್ಟ್ ಭಾರತದ್ದಾದರೆ ವೀಸಾ ತಪ್ಪಿದ್ದಲ್ಲ. ಮಗಳು ಅಮೆರಿಕದ ಪ್ರಜೆಯಾಗಿದ್ದರೆ ಆಕೆಗೆ ಆನ್‌ಲೈನ್ ‘ಇಟಿಎ’ ಅನುಮತಿ ಸಾಕು, ಜತೆಗೆ ಬಂದ ಅಪ್ಪ ಅಮ್ಮನಿಗೆ ಅದು ಸಾಲುವುದಿಲ್ಲ. ಒಂದೇ ಕುಟುಂಬದಲ್ಲಿ ಎರಡು ಬಗೆಯ ಕಾಗದ ಎನ್ನುವುದು ನೆನಪಿರಲಿ.

ಬೆಲ್‌ಫಾಸ್ಟ್ ಬ್ರಿಟನ್ನಿನ ವೀಸಾದೊಳಗೇ ಬರುತ್ತದೆ. ಡಬ್ಲಿನ್ ಮತ್ತು ಕೋವ್ ಐರ್ಲೆಂಡ್, ಬೇರೆ ದೇಶ. ವೀಸಾದ ಮೇಲೆ ‘ಬಿಐವಿಎಸ್’ (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಎಂದು ನಮೂದಾಗಿದ್ದರೆ ಒಂದೇ ವೀಸಾ ಎರಡೂ ಕಡೆ ನಡೆಯುತ್ತದೆ, ಆದರೆ ವೀಸಾ ಕೊಟ್ಟ ದೇಶಕ್ಕೇ ಮೊದಲು ಕಾಲಿಡಬೇಕು. ನಡುವೆ ಫ್ರಾನ್ಸಿನ ಲ ಹಾವ್ರ್ ಅಥವಾ ಬೆಲ್ಜಿಯಂನ ಜೀಬ್ರುಗ ಇದ್ದರೆ ಷೆಂಗನ್ ವೀಸಾ (ಯುರೋಪಿನ ಬಹುಪಾಲು ದೇಶಗಳಿಗೆ ಒಂದೇ ವೀಸಾ) ಬೇಕು, ಅದೂ ಮಲ್ಟಿಪಲ್ ಎಂಟ್ರಿಯದ್ದು. ಹಡಗು ಒಂದು ಸಲ ಷೆಂಗನ್ ಬಿಟ್ಟು ಬ್ರಿಟನ್ನಿಗೆ ಬಂದರೆ ಸಿಂಗಲ್ ಎಂಟ್ರಿ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು. ಬ್ರಿಟನ್ನಿನಲ್ಲಿರುವ ನೆಂಟರಿಗೆಂದು ಧಾರವಾಡ ಪೇಡ, ತುಪ್ಪ ಕಟ್ಟಿಕೊಂಡು ಹೋಗಬೇಡಿ. ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಅನುಮತಿ ಇಲ್ಲ. ಚಟ್ನಿಪುಡಿಗೆ ತೊಂದರೆಯಿಲ್ಲ.

3. ಹೊತ್ತಿನ ಲೆಕ್ಕ: ಸಂಜೆಯಿಂದ ಬೆಳಗಿಗೆ

ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲೇ. ‘ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ, ಅಂದರೆ ಹತ್ತು ಗಂಟೆ’ ಎಂದು ಎಣಿಸಿ ನೋಡಬೇಕಾದ ಜಾಗಗಳನ್ನು ತುಂಬುತ್ತಾ ಹೋಗುತ್ತಾರೆ. ಲೆಕ್ಕ ಹಾಕಬೇಕಾದದ್ದು ಹಿಂದಿನಿಂದ. ಸೌತ್ ಕ್ವೀನ್ಸ್‌ಫೆರಿಯ ಒಂದು ದಿನವನ್ನೇ ತೆಗೆದುಕೊಳ್ಳಿ.

ಹಡಗು ಹೊರಡುವುದು ಸಂಜೆ 6ಕ್ಕೆ. ಕೊನೆಯ ಟೆಂಡರ್ 5ಕ್ಕೆ ಎಂದುಕೊಳ್ಳೋಣ. ಕೊನೆಯ ಒಂದು ಗಂಟೆಯಲ್ಲಿ ಇಡೀ ಹಡಗೇ ದೋಣಿಕಟ್ಟೆಯಾದ ಹಾಸ್ ಪಿಯರ್‌ನಲ್ಲಿ ಸಾಲು ನಿಂತಿರುತ್ತದೆ, ಆದ್ದರಿಂದ ನೀವು 4 ಗಂಟೆಗೆ ಪಿಯರ್‌ನಲ್ಲಿರಬೇಕು. ಹತ್ತಿರದ ರೈಲು ನಿಲ್ದಾಣ ಡಾಲ್ಮೆನಿ ಗುಡ್ಡದ ಮೇಲಿದೆ. ಅಲ್ಲಿಂದ ಕಡಿದಾದ ಮೆಟ್ಟಿಲು ಇಳಿದು ಬರಲು 15–20 ನಿಮಿಷ, ಮಂಡಿ ನೋವಿದ್ದರೆ ಇನ್ನೂ ಹೆಚ್ಚು. ಅಂದರೆ 3.35ಕ್ಕೆ ಡಾಲ್ಮೆನಿ. ಎಡಿನ್‌ಬರೊದ ವೇವರ್ಲಿ ನಿಲ್ದಾಣದಿಂದ ಅಲ್ಲಿಗೆ ಸುಮಾರು 20 ನಿಮಿಷದ ಪ್ರಯಾಣ, ಹಾಗಾಗಿ 3.15ರ ಸುಮಾರಿನ ರೈಲು. ಆ ರೈಲನ್ನು ಹಿಡಿಯಬೇಡಿ, ಅದಕ್ಕಿಂತ ಒಂದು ಮುಂಚಿನದನ್ನು ಹಿಡಿಯಿರಿ. ರೈಲು ರದ್ದಾದರೆ ಮುಂದಿನದೊಂದು ಕೈಯಲ್ಲಿರಬೇಕು. ಹೀಗೆ ವೇವರ್ಲಿಯ ಪ್ಲಾಟ್‌ಫಾರ್ಮಿನಲ್ಲಿ ಮಧ್ಯಾಹ್ನ 2.40ಕ್ಕೆ ಇರಬೇಕಾಗುತ್ತದೆ.

ಬೆಳಗಿನ ಕಡೆಯೂ ಹೀಗೇ. ಹಡಗು 8ಕ್ಕೆ ಲಂಗರು ಹಾಕಿದರೂ ಕಂಪನಿಯ ಟೂರ್ ಕೊಂಡವರನ್ನು ಮೊದಲು ಇಳಿಸುತ್ತಾರೆ. ಸ್ವಂತವಾಗಿ ಹೋಗುವವರು ಟೆಂಡರ್ ಚೀಟಿ ಪಡೆದು ಕಾಯಬೇಕು. ದಡ ಮುಟ್ಟುವಾಗ 9.30, ಗುಡ್ಡ ಹತ್ತಿ ರೈಲು ಹಿಡಿದು ನಗರ ಸೇರುವಾಗ 10.30. ಹತ್ತು ಗಂಟೆ ಎಂದುಕೊಂಡದ್ದು ನಾಲ್ಕು ಗಂಟೆಗೆ ಬಂದು ನಿಂತಿತು. ಇಷ್ಟರಲ್ಲಿ ಕೋಟೆ ಮತ್ತು ರಾಯಲ್ ಮೈಲ್ ಆಗುತ್ತದೆ. ಕೋಟೆಗೆ ಹೊತ್ತು ನಮೂದಿಸಿದ ಟಿಕೆಟ್ ಇರುತ್ತದೆ, 11.30ರ ನಂತರದ್ದು ತೆಗೆದುಕೊಳ್ಳಿ. ಕೋಟೆ, ಹೋಲಿರೂಡ್ ಅರಮನೆ, ರಾಜಮನೆತನದ ಹಳೆಯ ನೌಕೆ ಬ್ರಿಟಾನಿಯಾ ಮೂರನ್ನೂ ತುರುಕಿದರೆ ಯಾವುದೂ ಕಣ್ಣಿಗೆ ಹತ್ತುವುದಿಲ್ಲ.

ಅದೇ ಹಡಗು ಲೀತ್‌ಗೋ ನ್ಯೂಹೇವನ್‌ಗೋ ಬಂದರೆ ಪಾಡು ಬಹಳ ಸುಲಭ. 2023ರಿಂದ ಅಲ್ಲಿಯವರೆಗೂ ಟ್ರಾಮ್ ಓಡುತ್ತಿದೆ, ನೇರವಾಗಿ ಪ್ರಿನ್ಸಸ್ ಸ್ಟ್ರೀಟ್‌ಗೆ ಬಿಡುತ್ತದೆ. ಹತ್ತುವ ಮೊದಲೇ ಟಿಕೆಟ್ ತೆಗೆದುಕೊಳ್ಳಬೇಕು.

ಗಡಿಯಾರದ ವಿಷಯ. ಲೆಕ್ಕಕ್ಕೆ ಬರುವುದು ಹಡಗಿನ ಹೊತ್ತು, ಫೋನಿನದಲ್ಲ. ಡೋವರ್ ಬಳಿಯ ಸೇಂಟ್ ಮಾರ್ಗರೆಟ್ಸ್ ಬೇಯಂಥ ಬಂಡೆಗಳಡಿಯಲ್ಲಿ ಫೋನು ಕಡಲಾಚೆಯ ಫ್ರಾನ್ಸಿನ ಟವರ್ ಹಿಡಿದು ಒಂದು ಗಂಟೆ ಮುಂದಕ್ಕೆ ಹಾರುತ್ತದೆ. ಯುರೋಪಿನ ಬಂದರು ಬಿಟ್ಟು ಬಂದ ಮರುದಿನ ಹಡಗು ಗಡಿಯಾರ ಬದಲಿಸಿದೆಯೇ ಇಲ್ಲವೇ ಎಂದು ಇಳಿಯುವ ಮುಂಚೆ ನೋಡಿ. ಬ್ಯಾಟರಿಯ ಕೈಗಡಿಯಾರವೊಂದನ್ನು ಹಡಗಿನ ಹೊತ್ತಿಗೆ ಇಟ್ಟುಕೊಂಡರೆ ಈ ಗೊಂದಲವೇ ಇರುವುದಿಲ್ಲ.

ಕಂಪನಿಯ ಟೂರ್ ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ಅವರೇ ಮುಟ್ಟಿಸುತ್ತಾರೆ. ಸ್ವಂತವಾಗಿ ಹೋದವರಿಗೆ ಈ ಸೌಲಭ್ಯ ಇಲ್ಲ. ಆದರೂ ಗ್ರೀನಕ್, ಲಿವರ್‌ಪೂಲ್, ಆರ್ಕ್ನಿ ದ್ವೀಪದ ಕರ್ಕ್‌ವಾಲ್‌ಗಳಲ್ಲಿ ಕಂಪನಿಯ ಟೂರ್‌ಗೆ ದುಡ್ಡು ಸುರಿಯುವುದು ದಂಡ. ದೂರದ ಜಾಗಕ್ಕೆ, ರೈಲು ವಿರಳವಾಗಿರುವ ಕಡೆಗೆ ಮಾತ್ರ ಅದು ಸರಿ.

4. ರೈಲು ಟಿಕೆಟ್

‘ಅಡ್ವಾನ್ಸ್’ ಟಿಕೆಟ್ ಅಗ್ಗ, ಆದರೆ ಅದರಲ್ಲಿ ಬರೆದಿರುವ ಒಂದೇ ರೈಲಿಗೆ ಸಲ್ಲುತ್ತದೆ. ಆ ರೈಲು ತಪ್ಪಿದರೆ ಟಿಕೆಟ್ ಕಸ. ಕ್ರೂಸ್‌ನವರಿಗೆ ಬೇಕಾದದ್ದು ‘ಆಫ್-ಪೀಕ್ (ಜನಸಂದಣಿ ಕಡಿಮೆಯ ಹೊತ್ತಿನ) ಡೇ ರಿಟರ್ನ್’: ಅದೇ ದಿನ ಯಾವ ಆಫ್-ಪೀಕ್ ರೈಲಿನಲ್ಲಾದರೂ ವಾಪಸ್ ಬರಬಹುದು. ದಕ್ಷಿಣ ಇಂಗ್ಲೆಂಡಿನಲ್ಲಿ ಹೋಗಿಬರುವ ಈ ಟಿಕೆಟ್ಟಿಗೂ ಹೋಗುವುದಕ್ಕೆ ಮಾತ್ರದ ಟಿಕೆಟ್ಟಿಗೂ ಸಾಮಾನ್ಯವಾಗಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ವಾರದ ದಿನಗಳಲ್ಲಿ ಬೆಳಗಿನ 9–9.30ರವರೆಗೆ ಆಫ್-ಪೀಕ್ ನಡೆಯದು. ಸ್ಕಾಟ್‌ಲೆಂಡಿನ ಸ್ಕಾಟ್‌ರೈಲ್‌ನಲ್ಲಿ ಈ ತಾಪತ್ರಯ ಇಲ್ಲ, 2025ರ ಸೆಪ್ಟೆಂಬರ್‌ನಿಂದ ಅಲ್ಲಿ ದಿನವಿಡೀ ಒಂದೇ ದರ.

ಮೂರರಿಂದ ಒಂಬತ್ತು ಜನ ದೊಡ್ಡವರು ಒಟ್ಟಿಗೆ ಹೋಗುವುದಾದರೆ ‘ಗ್ರೂಪ್‌ಸೇವ್’ ಕೇಳಿ, ಆಫ್-ಪೀಕ್ ದರದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಎಲ್ಲ ಕಂಪನಿಗಳಲ್ಲೂ ಇಲ್ಲ, ಸೌತಾಂಪ್ಟನ್ ಮತ್ತು ಡೋವರ್ ಮಾರ್ಗಗಳಲ್ಲಿ ಇದೆ. ವಿದೇಶಿಯರಿಗೆ ಮಾರುವ ಬ್ರಿಟ್‌ರೈಲ್ ಪಾಸ್ ಒಂದೊಂದು ದಿನ ಇಳಿದು ಹತ್ತುವವರಿಗೆ ಅಲ್ಲ. ಟಿಕೆಟ್ ಕೊಳ್ಳಲು ಬುಕಿಂಗ್ ಶುಲ್ಕ ಕೇಳುವ ಆ್ಯಪ್‌ಗಳೂ ಬೇಡ, ರೈಲು ಕಂಪನಿಯ ತಾಣದಲ್ಲಿ ಅದೇ ಟಿಕೆಟ್ ಶುಲ್ಕವಿಲ್ಲದೆ ಸಿಗುತ್ತದೆ.

ಡೋವರ್‌ನ ಗುಂಡಿ ಬೇರೆ. ಡೋವರ್ ಪ್ರಯರಿಯಿಂದ ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ಗೆ ಹೈಸ್ಪೀಡ್ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ಸಾಕು. ವಿಕ್ಟೋರಿಯಾ ಅಥವಾ ಚೇರಿಂಗ್ ಕ್ರಾಸ್ ನಿಲ್ದಾಣದ ಮಾಮೂಲಿ ರೈಲಾದರೆ ಎರಡು ಗಂಟೆಯ ಹತ್ತಿರ. ಹೈಸ್ಪೀಡ್‌ಗೆ ದರ ಹೆಚ್ಚು, ಅಗ್ಗದ ಟಿಕೆಟ್ ಹಿಡಿದು ಅದನ್ನು ಹತ್ತುವಂತಿಲ್ಲ. ಕೊಳ್ಳುವಾಗ ‘ಪ್ಲಸ್ ಹೈಸ್ಪೀಡ್’ ಎಂದಿದೆಯೇ ನೋಡಿ. ಇಲ್ಲದಿದ್ದರೆ ಮಧ್ಯಾಹ್ನ ಅವಸರದಲ್ಲಿ ಸೇಂಟ್ ಪ್ಯಾಂಕ್ರಸ್‌ಗೆ ಓಡಿಬಂದಾಗ ಗೇಟು ತೆರೆಯುವುದಿಲ್ಲ.

ಭಾನುವಾರ ಮತ್ತು ಬ್ಯಾಂಕ್ ರಜೆಯ (ಅಂದರೆ ಸಾರ್ವಜನಿಕ ರಜೆಯ) ಸೋಮವಾರ ಹಳಿ ದುರಸ್ತಿ ಇಟ್ಟುಕೊಳ್ಳುತ್ತಾರೆ, ರೈಲಿನ ಬದಲು ಬಸ್ ಬಿಡುತ್ತಾರೆ. ಒಂದೂಕಾಲು ಗಂಟೆಯ ದಾರಿ ಎರಡೂವರೆ ಗಂಟೆಯಾಗುತ್ತದೆ. ನ್ಯಾಷನಲ್ ರೈಲ್ ತಾಣದಲ್ಲಿ ನಿಮ್ಮ ತಾರೀಖನ್ನೇ ಹಾಕಿ ಹದಿನೈದು ದಿನ ಮುಂಚೆ ಒಮ್ಮೆ, ಹಿಂದಿನ ರಾತ್ರಿ ಇನ್ನೊಮ್ಮೆ ನೋಡಿ. ರೈಲು ತಡವಾದರೆ ಟಿಕೆಟ್ ಹಣದಲ್ಲಿ ಒಂದಿಷ್ಟು ವಾಪಸ್ ಕೊಡುತ್ತಾರೆ, ಹೋದ ಹಡಗನ್ನು ಯಾರೂ ಕೊಡುವುದಿಲ್ಲ.

5. ದುಡ್ಡು, ಫೋನು

ತಟ್ಟಿ ಹಣ ಕೊಡುವ (ಕಾಂಟ್ಯಾಕ್ಟ್‌ಲೆಸ್) ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಕೆಲಸ ಮುಗಿಯಿತು. ರುಪೇ ಕಾರ್ಡನ್ನು ನೆಚ್ಚಿಕೊಳ್ಳಬೇಡಿ. ವಿದೇಶಿ ಬಳಕೆ ಮತ್ತು ಟ್ಯಾಪ್ ಎರಡನ್ನೂ ಬ್ಯಾಂಕ್ ಆ್ಯಪ್‌ನಲ್ಲಿ ಊರಲ್ಲೇ ಆನ್ ಮಾಡಿ, ಒಟಿಪಿ ಬರುವ ಸಿಮ್ ಜೊತೆಗಿರಲಿ. ಲಂಡನ್ನಿನ ಬಸ್ಸು, ಟ್ಯೂಬ್ (ನೆಲದಡಿಯ ರೈಲು)‌ಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು, ಇಡೀ ದಿನ ಅದೇ ಕಾರ್ಡ್ ತಟ್ಟಬೇಕು. ಸೌತಾಂಪ್ಟನ್, ಡೋವರ್‌ಗಳ ರೈಲಿಗೆ ಈ ತಟ್ಟಾಟ ನಡೆಯದು, ಟಿಕೆಟ್ಟೇ ಬೇಕು. ಯಂತ್ರ ‘ರೂಪಾಯಿಯೋ ಪೌಂಡೋ’ ಎಂದು ಕೇಳಿದರೆ ಪೌಂಡ್ ಒತ್ತಿ, ರೂಪಾಯಿ ಒತ್ತಿದರೆ ಕೆಟ್ಟ ದರ ಬೀಳುತ್ತದೆ.

ಯಾರೋ ನೆಂಟರು ಹಿಂದೆ ತಂದು ಬೀರುವಿನಲ್ಲಿಟ್ಟ ಕಾಗದದ ಪೌಂಡ್ ನೋಟು ಈಗ ಅಂಗಡಿಯಲ್ಲಿ ನಡೆಯುವುದಿಲ್ಲ. ಕಾಗದದ 20 ಮತ್ತು 50ರ ನೋಟುಗಳು 2022ರ ಸೆಪ್ಟೆಂಬರ್ ಕೊನೆಗೆ ಚಲಾವಣೆಯಿಂದ ಹೋದವು, 5 ಮತ್ತು 10ರವು ಅದಕ್ಕೂ ಮುಂಚೆ. ಈಗಿನವೆಲ್ಲ ಪ್ಲಾಸ್ಟಿಕ್. ಸ್ಕಾಟ್‌ಲೆಂಡಿನ ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಅಚ್ಚು ಹಾಕುತ್ತವೆ. ಇಂಗ್ಲೆಂಡಿನ ಅಂಗಡಿಗಳವರು ಅದನ್ನು ಕಂಡು ಹುಬ್ಬೇರಿಸುವುದುಂಟು, ಸ್ಕಾಟ್‌ಲೆಂಡಿನಲ್ಲೇ ಖರ್ಚು ಮಾಡಿಬಿಡಿ.

ಹಡಗು ದಡ ಬಿಟ್ಟೊಡನೆ ಫೋನ್ ಏರೋಪ್ಲೇನ್ ಮೋಡ್‌ಗೆ ಹೋಗಲಿ. ಹಡಗಿನ ಸಮುದ್ರ ನೆಟ್‌ವರ್ಕ್ ಮಾಮೂಲಿ ರೋಮಿಂಗ್ ಪ್ಯಾಕಿನೊಳಗೆ ಬರುವುದು ಅಪರೂಪ, ಬಿಲ್ಲು ನೋಡಿದರೆ ಎದೆ ಒಡೆದೀತು.

6. ಎಲ್ಲಿಗೆ ಹೋಗಬೇಕು

ಡೋವರ್‌ನಿಂದ ಲಂಡನ್ನಿಗೆ ಹೋಗಬಹುದು, ಆದರೆ ಕ್ಯಾಂಟರ್‌ಬರಿಯೇ ಮೇಲು. ರೈಲಿನಲ್ಲಿ ಅರ್ಧ ಗಂಟೆ. ಊರಲ್ಲಿ ಈಸ್ಟ್, ವೆಸ್ಟ್ ಎಂದು ಎರಡು ನಿಲ್ದಾಣಗಳಿವೆ, ಡೋವರ್‌ನ ನೇರ ರೈಲು ಈಸ್ಟ್‌ಗೆ. ಎಲ್ಲಿಗೂ ಹೋಗಲಾಗದಿದ್ದರೆ ಡೋವರ್ ಕೋಟೆಯೊಂದೇ ಅರ್ಧ ದಿನಕ್ಕೆ ಸಾಕು.

ಸೌತಾಂಪ್ಟನ್‌ನಿಂದ ಸ್ಟೋನ್‌ಹೆಂಜ್ ನೋಡುವವರು ಸಾಲ್ಸ್‌ಬರಿವರೆಗೆ ರೈಲು, ಅಲ್ಲಿನ ನಿಲ್ದಾಣದಿಂದಲೇ ಹೊರಡುವ ಸ್ಟೋನ್‌ಹೆಂಜ್ ಬಸ್ ಹಿಡಿಯಬೇಕು. ಎಲ್ಲ ಸೇರಿ ಐದಾರು ಗಂಟೆ. ಅಷ್ಟು ಹೊತ್ತಿಲ್ಲದಿದ್ದರೆ ವಿಂಚೆಸ್ಟರ್, ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗೆ.

ಲಂಡನ್ನೇ ಬೇಕೆಂದರೆ ಸೌತಾಂಪ್ಟನ್ ಸೆಂಟ್ರಲ್‌ನಿಂದ ವಾಟರ್‌ಲೂಗೆ ಸುಮಾರು ಒಂದೂಕಾಲು ಗಂಟೆ. ಊರು ಸುತ್ತಿಸುವ ಹಾಪ್-ಆನ್ ಹಾಪ್-ಆಫ್ ಬಸ್ ಹತ್ತಬೇಡಿ. ಟ್ರಾಫಿಕ್‌ನಲ್ಲಿ ಕೂತು ಮುಂದಿನ ಬಸ್ಸಿನ ಬೆನ್ನು ನೋಡುವುದೇ ಆಗುತ್ತದೆ. ವಾಟರ್‌ಲೂನಿಂದ ಥೇಮ್ಸ್‌ನ ದಕ್ಷಿಣ ದಡ ಹಿಡಿದು ನಡೆಯಿರಿ. ಎದುರು ದಡದಲ್ಲಿ ಪಾರ್ಲಿಮೆಂಟ್ ಕಾಣುತ್ತಲೇ ಇರುತ್ತದೆ. ಸೇಂಟ್ ಥಾಮಸ್ ಆಸ್ಪತ್ರೆ, ಲ್ಯಾಂಬೆತ್ ಅರಮನೆ, ಲ್ಯಾಂಬೆತ್ ಸೇತುವೆಯ ಬುಡ ಹಾದು ಅದೇ ದಡದಲ್ಲಿ ಮುಂದೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನ ಪ್ರತಿಮೆ. ಹಿಂದಿರುಗಿ ಅದೇ ಸೇತುವೆ ದಾಟಿ ವೆಸ್ಟ್‌ಮಿನ್‌ಸ್ಟರ್ ಅಬೆ, ಬಿಗ್ ಬೆನ್ ನೋಡಿಕೊಂಡು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ವಾಟರ್‌ಲೂ ಸೇರಿ. ಸುಮಾರು 4 ಕಿ.ಮೀ., ಟ್ಯೂಬ್ ಇಳಿಯಬೇಕಾದ್ದೇ ಇಲ್ಲ.

ಗ್ರೀನಕ್‌ನಿಂದ ಗ್ಲಾಸ್ಗೋ ಸೆಂಟ್ರಲ್‌ಗೆ ಮುಕ್ಕಾಲು ಗಂಟೆಯೊಳಗೆ ರೈಲಿದೆ. ಲಿವರ್‌ಪೂಲ್‌ನಲ್ಲಿ ಹಡಗು ಊರಿನ ಎದೆಗೇ ತಾಗುತ್ತದೆ, ಕಾಲ್ನಡಿಗೆ ಸಾಕು. ಕರ್ಕ್‌ವಾಲ್‌ನಲ್ಲಿ ಹ್ಯಾಟ್‌ಸ್ಟನ್ ಪಿಯರ್‌ನಿಂದ ಊರಿಗೆ ಉಚಿತ ಬಸ್, 1137ರಲ್ಲಿ ಶುರುವಾದ ಸೇಂಟ್ ಮ್ಯಾಗ್ನಸ್ ಕೆಥೆಡ್ರಲ್‌ಗೆ ಪ್ರವೇಶ ಶುಲ್ಕ ಇಲ್ಲ. ಐದು ಸಾವಿರ ವರ್ಷ ಹಳೆಯ ಶಿಲಾಯುಗದ ಹಳ್ಳಿ ಸ್ಕಾರಾ ಬ್ರೇ ನೋಡಲು ಮಾತ್ರ ಟ್ಯಾಕ್ಸಿಯನ್ನೋ ಟೂರನ್ನೋ ತಿಂಗಳುಗಟ್ಟಲೆ ಮುಂಚೆ ಗೊತ್ತುಮಾಡಿ, ಆರ್ಕ್ನಿ ದ್ವೀಪದಲ್ಲಿ ಟ್ಯಾಕ್ಸಿಗಳೇ ಕಡಿಮೆ. ಇನ್ವರ್‌ಗಾರ್ಡನ್‌ನಲ್ಲೂ ಅಷ್ಟೇ: ರೈಲು ನಿಲ್ದಾಣ ಪಿಯರ್‌ಗೆ ಹತ್ತಿರವಿದ್ದರೂ ಒಂದೇ ಹಳಿಯ ಮಾರ್ಗ, ರೈಲುಗಳು ಬೆರಳೆಣಿಕೆ. ಲಾಕ್ ನೆಸ್ ಬೇಕಾದವರು ಸ್ಥಳೀಯರ ಸಣ್ಣ ವ್ಯಾನ್ ಟೂರ್ ಮೊದಲೇ ಬುಕ್ ಮಾಡುವುದು ಒಳ್ಳೆಯದು.

7. ಹಡಗು ತಪ್ಪಿದರೆ

ಪ್ರತಿ ದಿನದ ಕಾರ್ಯಕ್ರಮ ಪತ್ರಿಕೆಯಲ್ಲಿ ಆ ಬಂದರಿನ ಪೋರ್ಟ್ ಏಜೆಂಟ್‌ನ (ದಡದಲ್ಲಿ ಹಡಗು ಕಂಪನಿಯ ಕೆಲಸ ನೋಡಿಕೊಳ್ಳುವವರ) ಫೋನ್ ನಂಬರ್ ಅಚ್ಚಾಗಿರುತ್ತದೆ. ಇಳಿಯುವ ಮುಂಚೆ ಅದರ ಫೋಟೊ ತೆಗೆದುಕೊಳ್ಳಿ. ತಡವಾಗುವುದು ಖಚಿತವಾದ ಕ್ಷಣವೇ ಆ ನಂಬರಿಗೆ ಕರೆ ಮಾಡಿ, ಬಂದರು ಮುಟ್ಟಿದ ಮೇಲಲ್ಲ. ಪಾಸ್‌ಪೋರ್ಟ್ ಹಡಗಿನವರ ಬಳಿ ಇದ್ದರೆ ಅಥವಾ ಕೋಣೆಯ ಲಾಕರ್‌ನಲ್ಲಿದ್ದರೆ ಸಾಮಾನ್ಯವಾಗಿ ಅದನ್ನು ಏಜೆಂಟ್ ಕೈಗೆ ಕೊಟ್ಟು ಹೋಗುತ್ತಾರೆ. ಪಾಸ್‌ಪೋರ್ಟ್ ಮತ್ತು ವೀಸಾದ ನಕಲು, ಎರಡು ದಿನದ ಮಾತ್ರೆ, ಒಂದು ಕ್ರೆಡಿಟ್ ಕಾರ್ಡ್ ಹೆಗಲ ಚೀಲದಲ್ಲಿರಲಿ. ಮುಂದಿನ ಬಂದರು ಬ್ರಿಟನ್ನಿನೊಳಗೇ ಇದ್ದರೆ ಮರುದಿನ ರೈಲಿನಲ್ಲೋ ಫೆರಿಯಲ್ಲೋ ಹಿಡಿಯಬಹುದು. ಫ್ರಾನ್ಸ್ ಅಥವಾ ಬೆಲ್ಜಿಯಂ ಆದರೆ ಅಸಲು ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಎಲ್ಲಿಗೂ ಟಿಕೆಟ್ ಕೊಳ್ಳಬೇಡಿ.